ನಮ್ಮ ಕ್ರೀಡಾಕೂಟಕ್ಕೆ ಈಜೂ ಬರಲಿ

ಕೊಲ್ಲಿ ನಾಡಿನ ಕನ್ನಡಿಗರು ಒಟ್ಟು ಸೇರಿದರೆ ಆಟವೆಂದರೆ ಕ್ರಿಕೆಟ್. ಬಿಟ್ಟರೆ ವಾಲಿಬಾಲ್, ತ್ರೋಬಾಲ್, ಹಗ್ಗಜಗ್ಗಾಟ. ಸಂಘದ ಕ್ರೀಡಾಕೂಟದ ಪಟ್ಟಿ ಹಲವು ವರ್ಷಗಳಿಂದ ಹೀಗೇ ಇದೆ. ಎಣ್ಣೆ ಸಿಗುವ ಮೊದಲು ಈ ದಂಡೆಯ ಜನ ಮುತ್ತಿಗಾಗಿ ಸಮುದ್ರಕ್ಕೆ ಮುಳುಗಿ ಹೊಟ್ಟೆ ಹೊರೆದರು. ಅದೇ ದಂಡೆಯಲ್ಲಿ ಬದುಕುವ ನಾವು ಮಾತ್ರ ಈಜನ್ನು ಆಟವೆಂದು ಎಣಿಸಿಯೇ ಇಲ್ಲ. ಎಣಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಈಜು ನಮಗೆ ಹೊಸದೇನಲ್ಲ. ನಮ್ಮಲ್ಲಿ ಕೆಲವರು ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿಕೊಂಡು ಕೆರೆಗೆ ಇಳಿದವರು, ಕೆಲವರು ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಬಾವಿಗೆ ಹಾರಿದವರು. ಮಾವನೋ ಅಣ್ಣನೋ ಹಿಂದಿನಿಂದ ತಳ್ಳಿದ್ದೇ ಕೋಚಿಂಗ್! ಅದೇ ಮನೆಯ ಹೆಣ್ಣುಮಕ್ಕಳಿಗೆ ಆ ಭಾಗ್ಯ ಸಿಗಲಿಲ್ಲ. ಪೇಟೆಯಲ್ಲಿ ಬೆಳೆದವರಿಗೂ ಇಲ್ಲ. ಕಲಿತವರೂ ವೀಸಾ ಬಂದ ಮೇಲೆ ಬಿಟ್ಟರು. ಈಗ ಕಟ್ಟಡದ ಈಜುಕೊಳದಲ್ಲಿ ಮಕ್ಕಳು ಆಡುವಾಗ ನಾವು ಅಂಚಿನಲ್ಲಿ ಟವೆಲ್ ಹಿಡಿದು ನಿಲ್ಲುತ್ತೇವೆ. ಮಗು ಮುಳುಗಿದರೆ ಮೊದಲು ಹಾರಬೇಕಾದವರು ನಾವೇ. ಹಾರಿ ಏನು ಮಾಡುತ್ತೇವೆ?

ಇನ್ನು ನಮ್ಮ ಮೈಯ ಸ್ಥಿತಿ. ಆಫೀಸಿನವರು ಎಸಿಯಲ್ಲಿ ಕೂತು, ರಾತ್ರಿ ಹತ್ತಕ್ಕೆ ಪರೋಟ ತಿಂದು, ನಲವತ್ತರೊಳಗೆ ಶುಗರ್, ಬಿಪಿ ಮಾತ್ರೆ ಹಿಡಿದಿದ್ದೇವೆ. ವಾರಕ್ಕೆ 150 ನಿಮಿಷವಾದರೂ ಮೈ ದಣಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲಿ ದಣಿಸುವುದು? ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ದುಡಿಸುವುದನ್ನೇ ಕಾನೂನು ತಡೆಯುತ್ತದೆ. ಆ ತಿಂಗಳುಗಳಲ್ಲಿ ಕ್ರಿಕೆಟ್ ಬ್ಯಾಟೂ ಮೂಲೆ ಸೇರುತ್ತದೆ. ಆಗಲೂ ಮಾಡಬಹುದಾದದ್ದು ಒಳಾಂಗಣ ಕೊಳದ ಈಜು. ಮೈಭಾರದ ಬಹುಪಾಲನ್ನು ನೀರೇ ಹೊರುವುದರಿಂದ ಮಂಡಿಗೆ ಪೆಟ್ಟಿಲ್ಲ. ತೋಳು, ಬೆನ್ನು, ಕಾಲು, ಉಸಿರು ಎಲ್ಲಕ್ಕೂ ಒಟ್ಟಿಗೆ ಕೆಲಸ.

‘ದಿನವಿಡೀ ಸೈಟಿನಲ್ಲಿ ದುಡಿದವನಿಗೆ ಮತ್ತೆ ವ್ಯಾಯಾಮವೇ?’ ಎಂದು ಕ್ಯಾಂಪಿನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವರಿಗೆ ಬೇಕಿರುವುದು ಇನ್ನಷ್ಟು ದಣಿವಲ್ಲ, ರಜೆಯ ದಿನ ರೂಮಿನ ಮಂಚ ಮತ್ತು ಮೊಬೈಲಿನಿಂದಾಚೆ ಒಂದೆರಡು ಗಂಟೆ. ನೀರು ಅದನ್ನು ಕೊಡುತ್ತದೆ.

ಆದರೆ ಕ್ರೀಡೆಯಾಗಿಯೇ ಕಲಿಯಬೇಕು. ಊರಿನ ಈಜಿನಲ್ಲಿ ತಲೆ ಮೇಲೆತ್ತಿಯೇ ಇರುತ್ತೇವೆ, ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ಮುಖ ನೀರೊಳಗಿಟ್ಟು ಉಸಿರು ಬಿಡುವುದನ್ನು ಕೋಚ್ ಕಲಿಸಿದ ಮೇಲೆಯೇ 25 ಮೀಟರ್ ಸಲೀಸು. ವಯಸ್ಸಾಯಿತು, ಹೆದರಿಕೆ ಎನ್ನುವವರು ಬೆಂಗಳೂರಿನ ನಿಶಾ ಮಿಲೆಟ್ ಅವರನ್ನು ನೆನೆಯಲಿ. ಬಾಲ್ಯದಲ್ಲಿ ಮುಳುಗುವುದರಿಂದ ಪಾರಾದವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದರು. 2024ರಲ್ಲಿ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗುಗೆ ಆಗ 14 ವರ್ಷ, ಆಕೆಯೂ ಬೆಂಗಳೂರಿನವಳೇ.

ಕೊಳದ ಧೈರ್ಯವನ್ನು ಸಮುದ್ರಕ್ಕೆ ಒಯ್ಯುವುದು ಬೇಡ. ಬೀಚಿನಲ್ಲಿ ಬಿರಿಯಾನಿ ಮುಗಿಸಿ, ಜೀನ್ಸ್ ತೊಟ್ಟೇ ಅಲೆಗೆ ಇಳಿಯುವುದು ನಮ್ಮವರ ಚಾಳಿ. ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಲೇಬಾರದು. ಸೆಳೆತ ಒಳಗೆ ಎಳೆದರೆ ಎದುರು ಸೆಣಸದೆ ದಂಡೆಗೆ ಸಮಾನಾಂತರವಾಗಿ ಈಜಿ ತಪ್ಪಿಸಿಕೊಳ್ಳಬೇಕು.

ಕ್ಲಬ್ಬಿನ ಸದಸ್ಯತ್ವ ನಮ್ಮಲ್ಲಿ ಹೆಚ್ಚಿನವರ ಸಂಬಳಕ್ಕೆ ಎಟುಕದು, ಕ್ಯಾಂಪಿನವರಿಗಂತೂ ದೂರದ ಮಾತು. ಇಲ್ಲೇ ಸಂಘ ಕೈ ಹಾಕಬೇಕು. ಯಾವುದಾದರೂ ಶಾಲೆಯ ಈಜುಕೊಳವನ್ನು ರಜಾದಿನ ಎರಡು ಗಂಟೆ ಬಾಡಿಗೆಗೆ ಪಡೆಯಲಿ, ಕ್ಯಾಂಪಿನಿಂದ ಒಂದು ಬಸ್ ಮಾಡಲಿ. ಮಹಿಳೆಯರಿಗೆ ಮಹಿಳಾ ಕೋಚ್, ಬೇರೆಯೇ ಸಮಯ ಇರಲಿ. ವಾರ್ಷಿಕೋತ್ಸವದ ವೇದಿಕೆ ಅಲಂಕಾರದಲ್ಲಿ ಸ್ವಲ್ಪ ಹೂವು ಕಡಿಮೆಯಾದರೆ ಯಾರೂ ಬೇಸರಿಸಲಾರರು.

ಮುಂದಿನ ಕ್ರೀಡಾಕೂಟದಲ್ಲಿ ನಲವತ್ತು ದಾಟಿದವರಿಗೆ 25 ಮೀಟರ್ ಸ್ಪರ್ಧೆ ಇಡಿ. ಹೆಸರು ಕೊಡಲು ನಾವು ಐದಾರು ಜನ ಸಿದ್ಧರಿದ್ದೇವೆ. ಸದ್ಯಕ್ಕೆ ನಮ್ಮಲ್ಲಿ ಮೂವರು ಅರ್ಧ ದಾರಿಗೇ ಅಂಚು ಹಿಡಿಯುತ್ತೇವೆ.