ಪೊಟರೆಯ ಲೆಕ್ಕ ಇಡುವವರಾರು?

“ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ.” ರಸ್ತೆ, ವಿದ್ಯುತ್ ಮಾರ್ಗ, ಅಣೆಕಟ್ಟುಗಳಿಗಾಗಿ ಕಾಡು ಕಡಿಯುವಾಗಲೆಲ್ಲ ಈ ಮಾತು ನಮ್ಮ ಕಿವಿಗೆ ಬೀಳುತ್ತದೆ. ಕೇಳಲು ಉದಾರವೆನಿಸುವ ಈ ಲೆಕ್ಕ ಎಷ್ಟು ಟೊಳ್ಳೆಂಬುದನ್ನು ಅರಿಯಬೇಕಾದರೆ ಪಶ್ಚಿಮ ಘಟ್ಟದ ದೊಡ್ಡ ಮಂಗಟ್ಟೆ ಹಕ್ಕಿಯ ಸಂಸಾರವನ್ನು ನೋಡಬೇಕು.

ಹಾರ್ನ್‌ಬಿಲ್ ಎಂದೂ ಕರೆಯಲ್ಪಡುವ ಈ ಹಕ್ಕಿ ಗೂಡು ಹೆಣೆಯುವುದಿಲ್ಲ. ಮರ ಕೊರೆದು ಮನೆ ಮಾಡಿಕೊಳ್ಳಲೂ ಅದಕ್ಕೆ ಬಾರದು. ಹೆಮ್ಮರದ ಕೊಂಬೆ ಮುರಿದು, ತಿರುಳು ಕೊಳೆತು, ತಾನಾಗಿ ಮೂಡಿದ ಪೊಟರೆಯೇ ಅದರ ಮನೆ. ಹೆಣ್ಣು ಒಳಹೊಕ್ಕು, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯಿಯನ್ನು ಮುಚ್ಚಿ, ಸಣ್ಣ ಸೀಳೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮೂರು-ನಾಲ್ಕು ತಿಂಗಳ ಆ ಸೆರೆವಾಸದಲ್ಲಿ ಅದರ ರೆಕ್ಕೆಯ ಗರಿಗಳೂ ಉದುರುತ್ತವೆ. ಗಂಡು ಹೊತ್ತು ತರುವ ಆಲ, ಅತ್ತಿ, ರಾಮಪತ್ರೆಯ ಹಣ್ಣುಗಳೇ ತಾಯಿ-ಮರಿಗಳ ಜೀವಾಧಾರ. ತಿಂದ ಹಣ್ಣಿನ ಬೀಜಗಳನ್ನು ದೂರದೂರ ಬಿತ್ತಿ, ಈ ಹಕ್ಕಿ ಉಂಡ ಮನೆಯ ಋಣವನ್ನೂ ತೀರಿಸುತ್ತದೆ.

ಕಡಿದ ಕಾಡಿಗೆ ಬದಲಾಗಿ ಸಸಿ ನೆಡಲು ನಿಧಿ ಕೂಡಿಡುವ ಕಾಯ್ದೆ 2016ರಲ್ಲಿ ಬಂದಿತು. ಆದರೆ ಹಣದಿಂದ ಪೊಟರೆಯನ್ನು ಕೊಳ್ಳಲಾದೀತೇ? ಅಕೇಶಿಯಾ, ತೇಗದ ನೆಡುತೋಪುಗಳಲ್ಲಿ ಈ ಹಕ್ಕಿ ಏನನ್ನು ತಿನ್ನಬೇಕು, ಎಲ್ಲಿ ಮರಿ ಮಾಡಬೇಕು? ಇಂದಿನ ಸಸಿ ಹೆಮ್ಮರವಾಗಿ ಪೊಟರೆ ಮೂಡಲು ಮನುಷ್ಯರ ತಲೆಮಾರುಗಳೇ ಉರುಳಬೇಕು. ಅಲ್ಲಿಯವರೆಗೆ ಹಕ್ಕಿ ಕಾದಿರಬೇಕೇ?

“ಹಾಗಾದರೆ ರಸ್ತೆ, ವಿದ್ಯುತ್ ಬೇಡವೇ?” ಎಂದು ಕೇಳುವವರಿದ್ದಾರೆ. ಬೇಡವೆಂಬುದು ನಮ್ಮ ವಾದವಲ್ಲ. ತುಂಬಲಾಗದ ನಷ್ಟವನ್ನು ತುಂಬಿದೆವೆಂದು ನಂಬಿಸಬೇಡಿರಿ ಎಂಬುದಷ್ಟೇ ನಮ್ಮ ಆಗ್ರಹ. ನಷ್ಟವನ್ನು ಒಪ್ಪಿಕೊಂಡವನು ಮಾತ್ರ ಬೇರೆ ಮಾರ್ಗವನ್ನು ಹುಡುಕಿಯಾನು.

2011ರಲ್ಲಿ ಕರ್ನಾಟಕ ಸರ್ಕಾರ ದಾಂಡೇಲಿಯ ಕಾಳಿ ನದಿ ತೀರದ ಕಾಡನ್ನು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಮೆಚ್ಚತಕ್ಕ ಕಾರ್ಯ. ಆದರೆ ಹಕ್ಕಿಗೆ ಗಡಿರೇಖೆ ತಿಳಿಯದು. ಹಣ್ಣನ್ನು ಅರಸಿ ಅದು ನಮ್ಮ ತೋಟ, ಬೆಟ್ಟಗಳಿಗೂ ಬರುತ್ತದೆ. ಅಲ್ಲಿ ನಾವು ಮಾಡುತ್ತಿರುವುದೇನು? ನಾಟಾಕ್ಕೆ ಬಾರದೆಂದು ಅತ್ತಿಯನ್ನೂ, ಟೊಳ್ಳಾಯಿತೆಂದು ಮುದಿಮರವನ್ನೂ ಉರುಳಿಸುತ್ತೇವೆ. ಸರ್ಕಾರವನ್ನು ದೂರುವ ನಾಲಿಗೆ ನಮ್ಮ ಕೈಯ ಕೊಡಲಿಯನ್ನೂ ಪ್ರಶ್ನಿಸಲಿ.

ಸಸಿ ನೆಡೋಣ, ತಪ್ಪಿಲ್ಲ. ಆದರೆ ಅದಕ್ಕೆ ಮೊದಲು, ನಿಂತಿರುವ ಮುದಿಮರವನ್ನು ನಿಲ್ಲಗೊಡೋಣ. ನಮಗೆ ಉಪಯೋಗವಿಲ್ಲವೆಂದು ತೋರುವ ಆ ಟೊಳ್ಳಿನೊಳಗೆ ಗರಿ ಕಳೆದುಕೊಂಡ ತಾಯಿಯೊಂದು ಮರಿಯನ್ನು ತಬ್ಬಿ ಕುಳಿತಿರಬಹುದು.