ಬಾಡಿಗೆ ಕೊಟ್ಟವರು ಬಿನ್ನೆರಲ್ಲವೇ?

ಮಾಣಿಯಲ್ಲಿ ರಸ್ತೆ ಎರಡಾಗುತ್ತದೆ. ಒಂದು ಉಪ್ಪಿನಂಗಡಿಯಾಗಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ, ಇನ್ನೊಂದು ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಗೆ, ಅಲ್ಲಿಂದ ಮೈಸೂರಿಗೆ. ಈ ಕವಲಿನಿಂದ ನಡೆದುಹೋಗುವಷ್ಟು ದೂರದಲ್ಲಿರುವ ನಮ್ಮ ಹಳೆಯ ಮನೆಯ ಮಾಳಿಗೆಯಲ್ಲಿ ಎರಡು ಕೋಣೆಗಳು ವರ್ಷಗಳಿಂದ ಖಾಲಿ ಬಿದ್ದಿವೆ. ಮಕ್ಕಳು ಬೆಂಗಳೂರು ಸೇರಿದರು. ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ಎಂದು ಒಂದಲ್ಲ ಒಂದು ಹೆದರಿಕೆ. ಆ ಕೋಣೆಗಳನ್ನು ರಾತ್ರಿ ತಂಗುವ ಪ್ರಯಾಣಿಕರಿಗೆ ಬಾಡಿಗೆಗೆ ಕೊಡಬಹುದಲ್ಲ ಎಂದು ನಾನು ಒಮ್ಮೆ ಹೇಳಿದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದು ಕೇಳಿದಳು: “ಬಂದವರಿಗೆ ಬೆಲ್ಲ-ನೀರು ಕೊಡ್ಲಿಕ್ಕುಂಟಾ? ಕೊಟ್ರೆ ಅದಕ್ಕೂ ದುಡ್ಡಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡು ತೆಗೆದುಕೊಂಡ ಮೇಲೆ ಉಪಚಾರ ಉಪಚಾರವಾಗಿ ಉಳಿಯುತ್ತದೆಯೇ? ಉಳಿಯುವುದಿಲ್ಲ ಎಂದು ನಂಬಿ ಬೆಳೆದವರು ನಾವು. ಅನ್ನವಿಕ್ರಯ ಪಾಪ ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಆದರೂ ಊರೂರಿಗೆ ಹೋಗಿ ಹೋಟೆಲು ಇಟ್ಟು ಬದುಕು ಕಟ್ಟಿದವರೂ ಈ ಸೀಮೆಯವರೇ. ಮೂಡುಬಿದಿರೆಯ ಕಡೆಯ ಕಡಂದಲೆಯ ಕೃಷ್ಣರಾಯರು 1930ರ ದಶಕದ ಕೊನೆಗೆ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಶುರು ಮಾಡಿದರು. ಅವರ ಹೆಸರನ್ನು ಇಂದು ಹೆಮ್ಮೆಯಿಂದ ಹೇಳುವ ನಾವು, ನಮ್ಮ ಮನೆಯ ಬಾಗಿಲಿಗೆ ದರಪಟ್ಟಿ ಹಚ್ಚುವ ಮಾತು ಬಂದರೆ ಹಿಂಜರಿಯುತ್ತೇವೆ. ಪರವೂರಿನಲ್ಲಿ ಮಾಡಿದರೆ ಅದು ಉದ್ಯಮ, ಸ್ವಂತ ಚಾವಡಿಯಲ್ಲಿ ಮಾಡಿದರೆ ಮರ್ಯಾದೆಗೇಡು.

ಪುಕ್ಕಟೆ ಉಪಚಾರ ಹೇಗಿತ್ತೆಂಬುದನ್ನೂ ನೆನೆಯಬೇಕು. ಮಾಣಿಯಿಂದ ಪುತ್ತೂರಿನ ಕಡೆ ಹೊರಟರೆ ನೇರಳಕಟ್ಟೆ ಸಿಗುತ್ತದೆ. ಬೆಳ್ತಂಗಡಿ ದಾರಿಯಲ್ಲಿ ಪುಂಜಾಲಕಟ್ಟೆ ಇದೆ. ಎರಡೂ ಊರಿನ ಹೆಸರಿನಲ್ಲಿ ಕಟ್ಟೆ ಉಳಿದಿದೆ. ತಲೆಹೊರೆ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ ಮರದ ಬುಡದ ಕಟ್ಟೆ ಯಾರ ಅಪ್ಪಣೆಯೂ ಇಲ್ಲದೆ ಕೂರಬಹುದಾದ ಜಾಗವಾಗಿತ್ತು. ಮನೆಯ ಚಾವಡಿ ಹಾಗಿರಲಿಲ್ಲ. ನನ್ನ ಅಜ್ಜ ಬಂದವರಿಗೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಕೊಡದೆ ಮಾತು ಶುರು ಮಾಡಿದವರಲ್ಲ. ಆದರೆ ಆ ಚೆಂಬು ಬರುವ ಮೊದಲೇ ಒಂದು ಪ್ರಶ್ನೆ ಬರುತ್ತಿತ್ತು: “ಊರು ಯಾವುದು? ನೀವು ಯಾವ ಜನ?” ಉತ್ತರದ ಮೇಲೆ ಕೂರುವ ಜಾಗ ನಿರ್ಧಾರವಾಗುತ್ತಿತ್ತು. ಕೆಲವರಿಗೆ ಚಾವಡಿ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದಾಚೆ. ನೀರು ಎಲ್ಲರಿಗೂ ಸಿಗುತ್ತಿತ್ತು, ಚೆಂಬು ಎಲ್ಲರಿಗೂ ಸಿಗುತ್ತಿರಲಿಲ್ಲ. ಒಬ್ಬಂಟಿ ಹೆಂಗಸು ಮುಸ್ಸಂಜೆಯಲ್ಲಿ ಬಂದು ರಾತ್ರಿ ತಂಗುತ್ತೇನೆ ಎಂದಿದ್ದರೆ ಏನಾಗುತ್ತಿತ್ತೋ, ಹಾಗೆ ಯಾರೂ ಬಂದದ್ದನ್ನು ನಾನು ಕಂಡಿಲ್ಲ. ಬಹುಶಃ ಬರಲಾಗದು ಎಂದು ಅವರಿಗೇ ಗೊತ್ತಿತ್ತು.

ಅಜ್ಜನನ್ನು ದೂರಲು ಇದನ್ನು ಹೇಳುತ್ತಿಲ್ಲ. ದುಡ್ಡಿಲ್ಲದ ಉಪಚಾರಕ್ಕೆ ಪರಿಚಯವೇ ಬಾಡಿಗೆಯಾಗಿತ್ತು. ಕನ್ನಡದ ‘ನೆಂಟ’ ಎಂಬ ಮಾತಿನಲ್ಲೇ ನಂಟಿದೆ. ನಂಟಿಲ್ಲದವರು ನಮ್ಮ ಊರಿನಲ್ಲಿ ರಾತ್ರಿ ಕಳೆಯಬೇಕಾದರೆ ದೇವಸ್ಥಾನವೋ ಛತ್ರವೋ ಬಸದಿಯ ಜಗಲಿಯೋ ಬೇಕಾಗುತ್ತಿತ್ತು. ತುಳುವಿನಲ್ಲಿ ಮನೆಗೆ ಬಂದವರಿಗೆ ‘ಬಿನ್ನೆರ್’ ಎನ್ನುತ್ತೇವೆ. ಹಳಗನ್ನಡದ ‘ಬಿರ್ದು’, ತಮಿಳಿನ ‘ವಿರುಂದು’ ಇದರದೇ ಬಳಗ. ತಮಿಳಿನ ಆ ಮಾತಿಗೆ ಹೊಸತು ಎಂಬ ಅರ್ಥವೂ ಇದೆ. ಹೊಸಬನೇ ಬಿನ್ನೆ ಎಂಬ ತಿಳಿವು ಮಾತಿನ ಬೇರಿನಲ್ಲಿ ಇತ್ತು, ನಮ್ಮ ಚಾವಡಿಗಳವರೆಗೆ ಅದು ಬಂದು ಮುಟ್ಟಲಿಲ್ಲ.

ಹಾಗಾದರೆ ದುಡ್ಡು ಬಂದ ಕೂಡಲೇ ಬಾಗಿಲು ತೆರೆಯಿತೇ? ಅದೂ ಅಲ್ಲ. ಮೊದಮೊದಲ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಬೇರೆ ಕೋಣೆ ಇದ್ದದ್ದು ಎಲ್ಲರಿಗೂ ತಿಳಿದದ್ದೇ. ಅದನ್ನು ಮುರಿಯಲು ದುಡ್ಡು ಸಾಲಲಿಲ್ಲ, ಹೋರಾಟ ಬೇಕಾಯಿತು, ಕಾನೂನು ಬೇಕಾಯಿತು. ಆದರೆ ಒಂದು ವಿಷಯದಲ್ಲಿ ದುಡ್ಡು ನೆರವಾಯಿತು. ಲಾಡ್ಜಿನ ರಿಜಿಸ್ಟರನ್ನು ಬಿಡಿಸಿ ನೋಡಿ: ಹೆಸರು, ಊರು, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಕಾರಣ. ಅಜ್ಜ ಕೇಳುತ್ತಿದ್ದ ಪ್ರಶ್ನೆಗಳೇ. “ಯಾವ ಜನ” ಎಂಬ ಕಾಲಂ ಮಾತ್ರ ಅಲ್ಲಿ ಇಲ್ಲ. ಈಗಲೂ ಹೆಸರು ನೋಡಿ ಕೋಣೆ ಇಲ್ಲ ಎನ್ನುವವರಿದ್ದಾರೆ, ಬಲ್ಲೆ. ಆದರೆ ಹಾಗೆ ಮಾಡಬೇಕಾದರೆ ಅವರು ಈಗ ಸುಳ್ಳು ಹೇಳಬೇಕಾಗುತ್ತದೆ. ಅಜ್ಜನ ಕಾಲದಲ್ಲಿ ಸುಳ್ಳಿನ ಅಗತ್ಯವೂ ಇರಲಿಲ್ಲ.

ಮಡಿಕೇರಿಯ ಒಂದು ರಾತ್ರಿಯನ್ನು ಇಲ್ಲಿ ಹೇಳಬೇಕು. ದಸರೆಯ ಹೊತ್ತು. ಅಮ್ಮ, ಹೆಂಡತಿ, ನಾನು ಮೈಸೂರಿಗೆ ಹೊರಟವರು. ಸಂಪಾಜೆ ದಾಟುವಾಗಲೇ ಮಳೆ ಹಿಡಿಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಜೋಡುಪಾಲದ ತಿರುವುಗಳಲ್ಲಿ ಮಂಜು ಇಳಿದು ಮುಂದಿನ ವಾಹನದ ಹಿಂದೀಪವೂ ಕಾಣದಾಯಿತು. ಮಡಿಕೇರಿ ಮುಟ್ಟುವಾಗ ಕತ್ತಲು. ಮೈಸೂರಿನ ಯೋಚನೆ ಬಿಟ್ಟು ಕೋಣೆ ಹುಡುಕಿದೆವು. ಸಾವಿರ ಮೀಟರಿಗಿಂತ ಎತ್ತರದ ಆ ಪೇಟೆಯಲ್ಲಿ ದಸರೆಯ ಸಮಯ ಕೋಣೆ ಸಿಗುವುದೇ ಕಷ್ಟ. ಕಡೆಗೆ ಇಳಿಜಾರಿನ ಓಣಿಯೊಂದರಲ್ಲಿ, ಕೆಳಗೆ ಮನೆ, ಮೇಲೆ ನಾಲ್ಕು ಕೋಣೆ ಇದ್ದ ಲಾಡ್ಜು ಸಿಕ್ಕಿತು. ನಾನು ಇನ್ನೂರು ರೂಪಾಯಿ ಕಡಿಮೆ ಮಾಡಿ ಎಂದು ಕೇಳಿದೆ. ಯಜಮಾನರು ದನಿ ಏರಿಸದೆ, “ಆಗುದಿಲ್ಲ” ಎಂದರು. ಅವರ ಹೆಂಡತಿ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾ, “ಮಾಣಿಯವರಾ? ನನ್ನ ತವರು ಜಾಲ್ಸೂರು” ಎಂದರು.

ನಡುರಾತ್ರಿ ಅಮ್ಮನಿಗೆ ಕೆಮ್ಮು ಹತ್ತಿತು. ಬಿಸಿನೀರು ಕೇಳೋಣ ಎಂದು ನಾನು ಕೆಳಗಿಳಿದೆ. ಊಟದ ಮೇಜುಗಳನ್ನು ಗೋಡೆಗೆ ಒತ್ತಿ ನೆಲದಲ್ಲಿ ಚಾಪೆ ಹಾಸಿ ಆ ಮನೆಯವರೆಲ್ಲ ಮಲಗಿದ್ದರು. ಮೆಟ್ಟಿಲಿನ ಅಡಿಯ ಸಂದಿಯಲ್ಲಿ ಒಬ್ಬ ಹುಡುಗ, ತಲೆದೆಸೆಯಲ್ಲಿ ಶಾಲೆಯ ಚೀಲ, ಚೀಲದ ಮೇಲೆ ಬಿಡಿಸಿಟ್ಟ ಗಣಿತದ ಪುಸ್ತಕ. ನಾವು ಮಲಗಿದ್ದ ಕೋಣೆಯ ಗೋಡೆಯಲ್ಲಿ ಶಾಲೆಯ ವೇಳಾಪಟ್ಟಿ ಯಾಕೆ ಅಂಟಿಸಿತ್ತು ಎಂದು ಆಗ ಹೊಳೆಯಿತು. ಕೆಮ್ಮು ಕೇಳಿ ಆ ತಾಯಿ ಆಗಲೇ ಎದ್ದು ಅಡಿಗೆಮನೆಯಲ್ಲಿ ಕರಿಮೆಣಸು ಜಜ್ಜುತ್ತಿದ್ದರು. ಕಷಾಯದ ಲೋಟ ಮೇಲೆ ಬಂತು, ಅಮ್ಮ ಕುಡಿದು ಮಲಗಿದಳು. ಬೆಳಿಗ್ಗೆ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯ. ಬಿಲ್ಲಿನಲ್ಲಿ ಕೋಣೆ ಇತ್ತು, ರೊಟ್ಟಿ ಇತ್ತು, ಕಷಾಯ ಇರಲಿಲ್ಲ. ನಾನು ಕೇಳಿದಾಗ ಆಕೆ ಮುಖ ಗಂಟಿಕ್ಕಿ, “ಅದಕ್ಕೆಂತ ಬಿಲ್ಲು?” ಎಂದರು. ಆದರೆ ಕೋಣೆಯ ನೋಟುಗಳನ್ನು ಎರಡು ಸಲ ಎಣಿಸಿದರು, ಚಿಲ್ಲರೆ ಹುಡುಕಿ ಹತ್ತು ರೂಪಾಯಿ ವಾಪಸು ಕೊಟ್ಟರು.

ಆ ಎರಡು ಸಲದ ಎಣಿಕೆಯೇ ನನ್ನ ಮನಸ್ಸಿನಲ್ಲಿ ನಿಂತಿದೆ. ಪ್ರೀತಿ ಇದ್ದಲ್ಲಿ ಲೆಕ್ಕ ಇರಬಾರದು, ಲೆಕ್ಕ ಇದ್ದಲ್ಲಿ ಪ್ರೀತಿ ಸುಳ್ಳು ಎಂದುಕೊಂಡವನಿಗೆ ಅದು ಅರ್ಥವಾಗದು. ನಮ್ಮ ಪಕ್ಕದ ಕಲ್ಲಡ್ಕದ ‘ಕೆ.ಟಿ.’ ಚಹಾದಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ, ಒಂದೇ ಲೋಟದಲ್ಲಿ ಕಲಸದೆ ನಿಂತಿರುತ್ತವೆ. ಮಡಿಕೇರಿಯ ಆ ಮನೆಯಲ್ಲಿ ಕಂಡದ್ದೂ ಹಾಗೆಯೇ ಇತ್ತು. ಪಡೆದ ಉಪಕಾರಕ್ಕೆ ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಹಂಗು, ಋಣ. ಇವೆರಡನ್ನು ನಾವು ಬೆರೆಸಿಬಿಡುತ್ತೇವೆ. ಹಂಗಿನಲ್ಲಿ ಇದ್ದವನು ತಲೆ ಎತ್ತಿ ಮಾತಾಡಲಾರ. ನೆಂಟರ ಮನೆಯಲ್ಲಿ ಬಚ್ಚಲಿಗೆ ಹೋಗಲೂ ಹೊತ್ತು ನೋಡುತ್ತಾನೆ, ಉಪ್ಪು ಕಡಿಮೆ ಎನ್ನಲಾರ, ಇನ್ನೊಂದು ಕಂಬಳಿ ಕೇಳಲಾರ. ಬಾಡಿಗೆ ಕೊಟ್ಟದ್ದರಿಂದಲೇ ನಾನು ಆ ನಡುರಾತ್ರಿ ಬಿಸಿನೀರು ಕೇಳಲು ಹಿಂಜರಿಯದೆ ಕೆಳಗಿಳಿದೆ. ಬಾಡಿಗೆ ನನ್ನ ಹಂಗನ್ನು ಕಳೆದಿತ್ತು. ಕಷಾಯದ ಋಣ ಉಳಿಯಿತು, ಅದನ್ನು ತೀರಿಸುವ ದಾರಿಯನ್ನು ಆಕೆ ಕೊಡಲಿಲ್ಲ.

ಧರ್ಮಸ್ಥಳದಲ್ಲಿ ಊಟಕ್ಕೆ ದುಡ್ಡಿಲ್ಲ, ವಸತಿಗೃಹದ ಕೋಣೆಗೆ ಬಾಡಿಗೆ ಇದೆ. ಬಾಡಿಗೆ ಇದೆಯೆಂದು ಅಲ್ಲಿಯ ಅನ್ನದಾನದ ಬೆಲೆ ಯಾರಿಗೂ ಕಡಿಮೆ ಅನ್ನಿಸಿಲ್ಲ. ಯುರೋಪಿನ ಆಲ್ಪ್ಸ್ ಸೀಮೆಯಲ್ಲೂ ಇಂಥದ್ದೇ ಕತೆ. 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಕ್ರೈಸ್ತ ಸನ್ಯಾಸಿಗಳು 11ನೇ ಶತಮಾನದಿಂದ ಹಿಮದಲ್ಲಿ ಸಿಕ್ಕಿಬಿದ್ದವರಿಗೆ ಅನ್ನ, ಹಾಸಿಗೆ ಕೊಡುತ್ತಾ ಬಂದರು. ಆಲ್ಪ್ಸಿನ ಬೇರೆ ಊರುಗಳಲ್ಲಿ ರೈತರು ದನದ ಕೊಟ್ಟಿಗೆಯ ಜೊತೆಗೆ ಒಂದೆರಡು ಕೋಣೆಯನ್ನು ಬಾಡಿಗೆಗೆ ಬಿಟ್ಟರು. ಜರ್ಮನ್ ಮಾತಾಡುವ ಕಡೆಗಳಲ್ಲಿ ಹಳೆಯ ಮನೆಗಳ ಮೇಲೆ ‘ಫ್ರೆಮ್ಡನ್‌ಸಿಮ್ಮರ್’ ಎಂಬ ಫಲಕ ಇರುತ್ತದೆ. ಪದಕ್ಕೆ ಪದ ಇಟ್ಟರೆ ಅಪರಿಚಿತರ ಕೋಣೆ. ಆಸ್ಟ್ರಿಯದಲ್ಲಿ ಹತ್ತು ಹಾಸಿಗೆಯವರೆಗೆ ಮನೆಯವರೇ ನೋಡಿಕೊಂಡರೆ ಅದು ಮನೆಯ ಉಪಕಸುಬು, ವ್ಯಾಪಾರದ ಪರವಾನಗಿ ಬೇಡ. ನಮ್ಮ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯೂ ಆರು ಕೋಣೆ, ಹನ್ನೆರಡು ಹಾಸಿಗೆಗಳ ಮಿತಿ ಹಾಕಿ, ಮಾಲೀಕರು ಕುಟುಂಬದೊಂದಿಗೆ ಅಲ್ಲೇ ವಾಸಿಸಬೇಕು ಎನ್ನುತ್ತದೆ. ಎಷ್ಟು ದುಡ್ಡು ತೆಗೆದುಕೊಳ್ಳುತ್ತೀರಿ ಎಂಬುದಕ್ಕಿಂತ, ನೀವು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ಈ ನಿಯಮಗಳು ನಿಂತಿವೆ. ಅದು ಸರಿ ಎಂದು ನನಗನ್ನಿಸುತ್ತದೆ. ಕೆಮ್ಮು ಕೇಳಬೇಕಾದರೆ ಯಾರಾದರೂ ಅದೇ ಸೂರಿನಡಿ ಮಲಗಿರಬೇಕು.

2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲಕಚ್ಚಿದಾಗ ಕೊಡಗಿನ ಎಷ್ಟೋ ತೋಟದ ಮನೆಗಳು ಹೋಂಸ್ಟೇಗಳಾದವು. ಕಷ್ಟಕ್ಕೆ ತೆರೆದ ಬಾಗಿಲು ಅದು, ಅದರಲ್ಲಿ ನಾಚಿಕೆಯೇನಿಲ್ಲ. ಆಮೇಲೆ ಯಾರೂ ವಾಸಿಸದ ಕಟ್ಟಡಗಳಿಗೂ ಅದೇ ಹೆಸರು ಹತ್ತಿತು. ಬೀಗದ ಕೈ ಎಲ್ಲೋ ಹೂಕುಂಡದ ಕೆಳಗೆ, ಮಾಲೀಕ ಬೆಂಗಳೂರಿನಲ್ಲಿ, ವಿಚಾರಿಸಲು ಒಂದು ಫೋನ್ ನಂಬರು. ಮನೆಯವರಿಲ್ಲದ ಮನೆಯನ್ನು ಮನೆ ಎಂದು ಕರೆದು ಮಾರಿದರೆ ಅದು ಬಂದವರಿಗೂ ಮೋಸ, ಪಕ್ಕದ ಮನೆಯವರಿಗೂ ಕಿರುಕುಳ. ನನ್ನ ತಕರಾರು ಅಲ್ಲಿದೆ, ಬಾಡಿಗೆಯಲ್ಲಿ ಅಲ್ಲ.

ಮನೆ ಎಂದರೆ ಹೊಸ್ತಿಲೂ ಹೌದು. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದಕ್ಕೆ ನುಗ್ಗಿದ ಗುಂಪು, ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆದದ್ದನ್ನು ನಮ್ಮ ಜಿಲ್ಲೆಯವರು ಮರೆಯಬಾರದು. ದುಡ್ಡಿಗೆ ಕೊಟ್ಟ ಜಾಗಕ್ಕೆ ಯಾರು ಬೇಕಾದರೂ ನುಗ್ಗಬಹುದು ಎಂಬ ಧೈರ್ಯ ಅಲ್ಲಿತ್ತು. ಬಾಡಿಗೆ ಕೊಟ್ಟು ಒಳಗೆ ಬಂದವರು ಬಿನ್ನೆರ್ ಎಂದು ಒಪ್ಪಿದರೆ, ಅವರಿರುವಷ್ಟು ಹೊತ್ತು ಅವರನ್ನು ಕಾಯುವುದು ಮನೆಯವರ ಹೊಣೆ. ಅವರು ಯಾರು, ಯಾರ ಜೊತೆ ಬಂದಿದ್ದಾರೆ ಎಂದು ವಿಚಾರಿಸಲು ಬೀದಿಗೆ ಹಕ್ಕಿಲ್ಲ.

ಇಷ್ಟೆಲ್ಲ ಹೇಳಿದರೂ ಆ ಹುಡುಗನ ಗಣಿತದ ಪುಸ್ತಕ ನನ್ನನ್ನು ಬಿಡುವುದಿಲ್ಲ. ಅಗ್ಗದ ಕೋಣೆ ಅಗ್ಗವಾಗಿರುವುದು ಹೇಗೆ? ದೊಡ್ಡ ಹೋಟೆಲಿನಲ್ಲಿ ರಾತ್ರಿಪಾಳಿಯವನಿಗೆ ಸಂಬಳ ಇದೆ, ಬಟ್ಟೆ ಒಗೆಯುವವರಿಗೆ ಕೂಲಿ ಇದೆ. ಮನೆಮಂದಿ ನಡೆಸುವ ಲಾಡ್ಜಿನಲ್ಲಿ ಆ ಲೆಕ್ಕ ಎಲ್ಲಿಯೂ ಬರೆಯುವುದಿಲ್ಲ. ನಸುಕಿನಲ್ಲಿ ಎದ್ದು ಹಂಡೆಗೆ ನೀರು ತುಂಬಿ, ಬಚ್ಚಲ ಒಲೆಗೆ ಸೌದೆ ತುರುಕಿ, ಎಂಟು ಹಾಸಿಗೆಯ ಬಟ್ಟೆ ಒಗೆದು, ಮಳೆಗಾಲದ ಮಡಿಕೇರಿಯಲ್ಲಿ ಅದನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುವವರು ಆ ಮನೆಯ ಹೆಂಗಸರು. ನಾನು ಕಡಿಮೆ ಮಾಡಿ ಎಂದು ಕೇಳಿದ ಇನ್ನೂರು ರೂಪಾಯಿ ಅವರ ನಿದ್ದೆಯಿಂದ, ಆ ಹುಡುಗನ ಕೋಣೆಯಿಂದ ಬರಬೇಕಿತ್ತು. ಯಜಮಾನರು ಆಗುದಿಲ್ಲ ಎಂದದ್ದು ಸರಿಯೇ ಇತ್ತು. ಕುಟುಂಬದ ಲಾಡ್ಜನ್ನು ಹೊಗಳುವವರು, ನಾನೂ ಸೇರಿ, ಅಲ್ಲಿನ ಆತ್ಮೀಯತೆಯನ್ನು ಮೆಚ್ಚುವಾಗ ಅದನ್ನು ಪುಕ್ಕಟೆ ದುಡಿಮೆಯಾಗಿ ಪಡೆಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಅಜ್ಜನ ಕಾಲದಲ್ಲೂ ಚಾವಡಿಯಲ್ಲಿ ಕೂತು “ಊಟ ಮಾಡಿಕೊಂಡೇ ಹೋಗಿ” ಎಂದದ್ದು ಅಜ್ಜ. ಆರಿದ ಒಲೆಯನ್ನು ಮತ್ತೆ ಊದಿದ್ದು ಅಜ್ಜಿ. ಅಜ್ಜನ ಉದಾರತೆಯನ್ನು ಊರು ಇಂದಿಗೂ ನೆನೆಯುತ್ತದೆ. ಅಜ್ಜಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಹಾಗಾಗಿ ದರ ಗೊತ್ತುಮಾಡುವುದು ಒಂದು ನ್ಯಾಯದ ಕೆಲಸವೂ ಆಗುತ್ತದೆ. ಲೆಕ್ಕ ಇದ್ದರೆ ಯಾರ ದುಡಿಮೆ ಎಷ್ಟು ಎಂದು ಕಾಣುತ್ತದೆ, ದುಡಿದವರ ಕೈಗೆ ಒಂದಷ್ಟು ಬರುವ ದಾರಿಯಾದರೂ ತೆರೆಯುತ್ತದೆ. ಮಡಿಕೇರಿಯಲ್ಲಿ ನಾವು ಕೊಟ್ಟ ದುಡ್ಡನ್ನು ಎರಡು ಸಲ ಎಣಿಸಿ ತನ್ನ ಡಬ್ಬಿಗೆ ಹಾಕಿದವರು ಆ ಮನೆಯ ಯಜಮಾನರಲ್ಲ, ಆಕೆಯೇ.

ಅಮ್ಮನಿಗೆ ನಾನು ಈಗ ಹೇಳಿರುವುದು ಇಷ್ಟು: ಕೋಣೆಗೆ ದುಡ್ಡು, ಊಟಕ್ಕೆ ದುಡ್ಡು, ಬೆಲ್ಲ-ನೀರಿಗೆ ಇಲ್ಲ. ಯಾವ ಜನ ಎಂದು ಯಾರೂ ಕೇಳುವಂತಿಲ್ಲ, ಅವಳೂ. ಮಾಳಿಗೆಯ ಹೆಂಚು ಬದಲಿಸಿಯಾಗಿದೆ, ಪಂಚಾಯತಿಗೆ ಅರ್ಜಿ ಬರೆದಿದ್ದೇನೆ. ಅಮ್ಮ ಅಜ್ಜನ ಕಾಲದ ಕಂಚಿನ ಚೆಂಬು ಹುಡುಕಿ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದಾಳೆ, ಎಲ್ಲರಿಗೂ ಅದೇ ಚೆಂಬು. ಹೆಂಡತಿ ಇನ್ನೂ ಒಪ್ಪಿಲ್ಲ. “ನಸುಕಿಗೆ ಏಳುವವರು ಯಾರು?” ಎಂದು ಒಂದೇ ಮಾತು ಕೇಳಿದ್ದಾಳೆ. ಬಚ್ಚಲ ಒಲೆ ನನ್ನದು ಎಂದಿದ್ದೇನೆ. ಕಳೆದ ಹದಿನೈದು ದಿನದಿಂದ, ಯಾರೂ ಬರದಿದ್ದರೂ, ಐದು ಗಂಟೆಗೆ ಎದ್ದು ಬೆಂಕಿ ಹಾಕುತ್ತಿದ್ದೇನೆ.