ಹೆಗಲಿಗೆ ತಕ್ಕ ನೊಗ



ಕಳೆದ ಶ್ರಾವಣದಲ್ಲಿ ಪ್ರವಚನ ಮುಗಿದ ಬಳಿಕ ಗದಗ ಸೀಮೆಯ ರೈತರೊಬ್ಬರು ಮಗನೊಡನೆ ನಮ್ಮ ಬಳಿಗೆ ಬಂದರು. ತರುಣನ ಎತ್ತರ 6 ಅಡಿ 2 ಅಂಗುಲ. ಬೀಜ ಗೊಬ್ಬರದ ವ್ಯಾಪಾರಕ್ಕಾಗಿ ದಿನವೂ 100 ಕಿಲೋಮೀಟರಿನಷ್ಟು ಮೋಟಾರ್ ಸೈಕಲ್ಲಿನ ಮೇಲೆ ತಿರುಗುವವನು.

"ಗುರುಗಳ, ಜೋಡೆತ್ತು ಮಾರಿ ಗಾಡಿ ಕೊಡಿಸೀನ್ರಿ. ಈಗ ಕೆಲಸಾನ ಬಿಡ್ತೀನಿ ಅಂತಾನ. ಒಂಚೂರು ಬುದ್ಧಿ ಹೇಳ್ರಿ" ಎಂದರು ತಂದೆ.

ತರುಣನು ತಲೆ ತಗ್ಗಿಸಿ ನಿಂತಿದ್ದನು. ನಾವು ಒತ್ತಾಯಿಸಿ ಕೇಳಿದಾಗ ಪ್ಯಾಂಟನ್ನು ಮೇಲಕ್ಕೆ ಸರಿಸಿ ತೋರಿಸಿದನು. ಮೊಣಕಾಲಿನ ಕೆಳಗೆ ಒಳಮಗ್ಗುಲಿಗೆ ಬಲೆಯಂತೆ ಕಂದುಗಟ್ಟಿದ ಗುರುತು. ಎಂಜಿನ್ನಿನ ಕಾವು ನಿತ್ಯವೂ ತಗುಲಿ ಮೂಡಿದ್ದು. ಅದರೊಡನೆ ಮೊಣಕಾಲು ನೋವು. ಎತ್ತು ಮಾರಿ ಕೊಡಿಸಿದ ವಾಹನವನ್ನು ಹಳಿಯುವುದೆಂತು ಎಂದು ವರುಷವಿಡೀ ಬಾಯಿ ಬಿಟ್ಟಿರಲಿಲ್ಲ.

ಇದರ ಕಾರಣವನ್ನು ತಿಳಿಯುವುದು ಒಳಿತು. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಗಾಲಿಯನ್ನು ತಿರುಗಿಸುತ್ತದೆ. ಮಿಕ್ಕುದರಲ್ಲಿ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ನಮ್ಮ ಯೌವನದಲ್ಲಿ ಕಂಡ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ವಾಹನಗಳಿಗೆ ಲೋಹದ ರೆಕ್ಕೆಗಳಿದ್ದವು. ಓಡುವಾಗ ಗಾಳಿಯೇ ಅವನ್ನು ತಣಿಸುತ್ತಿತ್ತು. ಇಂದಿನ ಅನೇಕ ಬಲಿಷ್ಠ ವಾಹನಗಳಲ್ಲಿ ದ್ರವವು ಎಂಜಿನ್ನನ್ನು ಸುತ್ತಿ ಬಂದು ಮುಂದಿನ ರೇಡಿಯೇಟರಿನಲ್ಲಿ ತಣಿಯುತ್ತದೆ. ಸಂತೆಯ ಜಂಗುಳಿಯಲ್ಲಿ ವಾಹನ ನಿಂತಾಗ ಫ್ಯಾನು ನೂಕುವ ಬಿಸಿಗಾಳಿ ಸವಾರನ ಕಾಲಿಗೇ ಬಡಿಯುತ್ತದೆ.

ಎತ್ತರದವರಿಗೆ ಕಷ್ಟ ಇಮ್ಮಡಿ. ನಮ್ಮಲ್ಲಿ ಸಾಮಾನ್ಯವಾಗಿ ಆಸನದ ಎತ್ತರ 800 ಮಿಲಿಮೀಟರಿನ ಆಸುಪಾಸು. ಆಸನಕ್ಕೂ ಕಾಲಿಡುವ ಮೆಟ್ಟಿಗೂ ಅಂತರ ಸಾಲದೆ ಮೊಣಕಾಲು ಅತಿಯಾಗಿ ಮಡಿಚಿಕೊಳ್ಳುತ್ತದೆ. ಟ್ಯಾಂಕಿನ ತಗ್ಗಿನಲ್ಲಿ ನಿಲ್ಲದೆ ಮುಂದಕ್ಕೆ ಚಾಚಿ ಎಂಜಿನ್ನಿಗೆ ಸಮೀಪವಾಗುತ್ತದೆ. 2023ರಲ್ಲಿ ಬಂದ ಹಿಮಾಲಯನ್ 450ರಂತಹ ಕೆಲವು ವಾಹನಗಳ ಆಸನವನ್ನು 825ರಿಂದ 845 ಮಿಲಿಮೀಟರಿಗೆ ಏರಿಸಿಕೊಳ್ಳಬಹುದು. ಆ ಅನುಕೂಲವಿಲ್ಲದಿದ್ದರೆ ಸೀಟು ಹೊಲಿಯುವವರಿಂದ ಗಟ್ಟಿ ಫೋಮು ಹಾಕಿಸಿ ಒಂದು ಅಂಗುಲ ಎತ್ತರಿಸಬಹುದು. ಮೆಟ್ಟನ್ನು ಕೆಳಗಿಳಿಸಿದರೆ ತಿರುವಿನಲ್ಲಿ ಅದು ನೆಲಕ್ಕೆ ಉಜ್ಜುವ ಭಯವುಂಟು. ಆಸನವನ್ನು ಏರಿಸುವುದೇ ಲೇಸು.

ಸವಾರರು ದಪ್ಪ ಹತ್ತಿಯ ಪ್ಯಾಂಟು, ಕಣಕಾಲು ಮುಚ್ಚುವ ಬೂಟು ಧರಿಸಬೇಕು. ಹೆಚ್ಚು ಹೊತ್ತು ನಿಲ್ಲುವಲ್ಲಿ ಎಂಜಿನ್ ಆರಿಸಬೇಕು. ತಾಸಿಗೊಮ್ಮೆ ಇಳಿದು ಕಾಲು ಸಡಿಲಿಸಬೇಕು. ಫ್ಯಾನು ತಿರುಗುವುದೋ, ದ್ರವದ ಮಟ್ಟ ಸರಿಯಿರುವುದೋ ಎಂದು ನೋಡುತ್ತಿರಬೇಕು. ಆದರೆ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು. ಸೈಲೆನ್ಸರ್ ತಗುಲಿ ಸುಟ್ಟರೆ ತಾಯಂದಿರು ಹಲ್ಲುಪುಡಿ, ಎಣ್ಣೆ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಲಿ. ಬಲೆಯಂತಹ ಕಲೆ ಕಂಡರೆ ವೈದ್ಯರಿಗೆ ತೋರಿಸಲಿ.

ನಾವು ಆ ತಂದೆಯನ್ನು ಒಂದೇ ಮಾತು ಕೇಳಿದೆವು: "ಎತ್ತಿನ ಹೆಗಲು ಹುಣ್ಣಾದರೆ ಏನು ಮಾಡುತ್ತಿದ್ದಿರಿ?"

"ನೊಗಾ ಬದಲಸ್ತಿದ್ವಿರಿ" ಎಂದವರೇ ಮಗನ ಕಾಲನ್ನು ನೋಡಿದರು. ಬಳಿಕ ಬಗ್ಗಿ ಆ ಕಲೆಯನ್ನು ಮುಟ್ಟಿ, "ನನಗ್ಯಾಕ ಹೇಳಲಿಲ್ಲೋ ತಮ್ಮಾ" ಎಂದರು. ತರುಣನ ಕಣ್ಣು ತುಂಬಿತು. ನಾವು ಹೇಳಬೇಕಾದುದು ಹೆಚ್ಚೇನೂ ಉಳಿದಿರಲಿಲ್ಲ.

ಕಾಯಕವನ್ನು ಕಲಿಸಿದ ಶರಣರು ಕಾಯವನ್ನು ಕಡೆಗಣಿಸಲು ಹೇಳಲಿಲ್ಲ. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ನೋಯದಂತೆ ಕಾಪಾಡುವುದೂ ನಿಷ್ಠೆಯೇ. ಹಿರಿಯರು ಸಾಲ ಮಾಡಿ, ಒಡವೆ ಮಾರಿ ಮಕ್ಕಳಿಗೆ ವಾಹನ ಕೊಡಿಸುತ್ತಾರೆ. ಕೊಳ್ಳುವ ಮುನ್ನ ಅರ್ಧ ತಾಸು ಮಗನೇ ಅದನ್ನು ಓಡಿಸಿ ನೋಡಲಿ. ಮಕ್ಕಳು ಸಹ ತಂದೆಯ ತ್ಯಾಗಕ್ಕೆ ಅಂಜಿ ನೋವನ್ನು ಬಚ್ಚಿಡಬಾರದು.

ದೀಪಾವಳಿಗೆ ಆ ತರುಣ ಮತ್ತೆ ಬಂದಿದ್ದನು. ಆಸನ ಎತ್ತರವಾಗಿತ್ತು. ಕಾವು ಪೂರ್ಣ ಹೋಗಿಲ್ಲ, ಮೊಣಕಾಲಿನ ನೋವು ಮಾತ್ರ ಇಳಿದಿದೆ ಎಂದನು. ಕೆಲಸ ಬಿಟ್ಟಿರಲಿಲ್ಲ.